ಅಣ್ಣನೋ ತಮ್ಮನೋ

ಜರ್ಮನ್ ಭಾಷೆಯಲ್ಲಿ ಅಣ್ಣನಿಗೂ ತಮ್ಮನಿಗೂ ಒಂದೇ ಪದ: ಬ್ರೂಡರ್. ಹಿರಿಯನೋ ಕಿರಿಯನೋ ಗೊತ್ತಾಗಬೇಕಾದರೆ ಬೇರೆ ಎಲ್ಲಾದರೂ ಹುಡುಕಬೇಕು. ಆ ಮಾರ್ಚ್ ತಿಂಗಳಲ್ಲಿ ಒಂದು ದಿನ ಇಲ್ಲಿ ಗಲ್ಫಿನಲ್ಲಿ, ಜುಮೇರಾ ಲೇಕ್ ಟವರ್ಸ್‌ನ ನಮ್ಮ ಅನುವಾದ ಕಚೇರಿಯಲ್ಲಿ ಊಟದ ಡಬ್ಬಿಯನ್ನು ಪಕ್ಕಕ್ಕೆ ತಳ್ಳಿ ನಾನು ಇದೊಂದೇ ಪದದ ಮೇಲೆ ಕೂತಿದ್ದೆ. ಕನ್ನಡದಲ್ಲಿ ವರದಿ ಬರೆಯಬೇಕಿತ್ತು. ಅಣ್ಣ ಎಂದು ಬರೆಯಲೋ, ತಮ್ಮ ಎಂದೋ? ಅರ್ಧ ದಿನ ಅದರಲ್ಲೇ ಹೋಯಿತು. ಕೇಳಬೇಕಾಗಿದ್ದ ಪ್ರಶ್ನೆ ಬೇರೆಯೇ ಇತ್ತು, ಅದು ನನಗೆ ಹೊಳೆಯಲಿಲ್ಲ. ಹೊಳೆಯದೆ ಹೋದದ್ದಕ್ಕೆ ಒಂದು ಮದುವೆ ನಿಂತಿತು.

ಕಚೇರಿಯಲ್ಲಿ ನನ್ನ ಕೆಲಸ ಜರ್ಮನ್ ಕಾಗದಪತ್ರಗಳನ್ನು ಇಂಗ್ಲಿಷಿಗೆ ತರುವುದು. ಹಳೆಯ ಚರ್ಚ್ ದಾಖಲೆ ಓದುವುದು ಮಾತ್ರ ನಾನಾಗಿಯೇ ಅಂಟಿಸಿಕೊಂಡ ಹುಚ್ಚು. ನಮ್ಮ ಮಂಗಳೂರು, ಉಡುಪಿ ಕಡೆಯ ಪ್ರಾಟೆಸ್ಟಂಟ್ ಮನೆಗಳ ಮೂಲ ಹುಡುಕುತ್ತಾ ಹೋದರೆ ಕೊನೆಗೆ ನಿಲ್ಲುವುದು ಮಿಷನ್ ಕಾಲದ ಜರ್ಮನ್ ಪಾದ್ರಿಗಳ ಕೈಬರಹದ ಮುಂದೆ. ಯಾರಿಗೆ ಯಾವಾಗ ದೀಕ್ಷಾಸ್ನಾನ ಆಯಿತು, ಯಾರು ಯಾರನ್ನು ಮದುವೆಯಾದರು, ಯಾರು ಯಾವ ಜ್ವರದಲ್ಲಿ ತೀರಿಕೊಂಡರು, ಎಲ್ಲವನ್ನೂ ಅವರು ಬರೆದಿಟ್ಟಿದ್ದಾರೆ. ಬರೆದದ್ದು ಮಾತ್ರ ಈಗಿನ ಜರ್ಮನರಿಗೇ ಓದಲು ಬಾರದ ಹಳೆಯ ಕೂಡುಬರಹದಲ್ಲಿ. ಅದರಲ್ಲಿ ‘ಇ’ ನೋಡಿದರೆ ‘ಎನ್’ ಅನ್ನಿಸುತ್ತದೆ, ‘ಯು’ ಅಕ್ಷರದ ತಲೆ ಮೇಲಿನ ಸಣ್ಣ ಕೊಕ್ಕೆ ಮಾಸಿಹೋಗಿದ್ದರೆ ಅದೂ ‘ಎನ್’. ನನ್ನ ಗಂಡ ಅದಕ್ಕೆ ಎರೆಹುಳದ ಮೆರವಣಿಗೆ ಎಂದು ಹೆಸರಿಟ್ಟಿದ್ದಾರೆ. ಇಲ್ಲಿಗೆ ಬಂದು ನೆಲೆಸಿದ ನಮ್ಮವರು ಮಕ್ಕಳಿಗೆ ತೋರಿಸಲು ವಂಶವೃಕ್ಷ ಬೇಕು ಎಂದು ಬರುತ್ತಾರೆ, ನಾನು ಓದಿಕೊಡುತ್ತೇನೆ. ಅದುವರೆಗೆ ಅದರಿಂದ ಯಾರಿಗೂ ಲಾಭವೂ ಇರಲಿಲ್ಲ, ನಷ್ಟವೂ ಇರಲಿಲ್ಲ.

ನಿಂತ ಆ ಮದುವೆಯ ಹುಡುಗನ ಮನೆ ಇದೇ ನಗರದ ಕರಾಮದಲ್ಲಿ. ಅಪ್ಪ, ಅಮ್ಮ, ಮತ್ತು ಎಂಬತ್ತು ದಾಟಿದ ಅಜ್ಜಿ. ಹುಡುಗಿ ಅಬುಧಾಬಿಯ ಒಂದು ಆಸ್ಪತ್ರೆಯಲ್ಲಿ ನರ್ಸ್, ತಂದೆತಾಯಿಯ ಜೊತೆ ಅಲ್ಲೇ ಇದ್ದಾಳೆ. ಕನ್ನಡ ಆರಾಧನೆಯಲ್ಲಿ ಪರಿಚಯವಾಗಿ, ಇಬ್ಬರೂ ಒಪ್ಪಿ, ಈಸ್ಟರ್ ಕಳೆದ ಮೊದಲ ಶನಿವಾರಕ್ಕೆ ಮದುವೆ ಗೊತ್ತಾಗಿತ್ತು. ಎರಡೂ ಮನೆತನದ ಹೆಸರು ಒಂದೇ. ಮಿಷನ್‌ನವರು ಕೊಟ್ಟ ಹೆಸರುಗಳು ಹತ್ತಾರು ಮನೆಗಳಿಗೆ ಇರುತ್ತವೆ, ಯಾರೂ ತಲೆ ಕೆಡಿಸಿಕೊಂಡಿರಲಿಲ್ಲ. ಕಾರ್ಡು ಅಚ್ಚಾಗಿ ಬಂದ ದಿನ ಅಜ್ಜಿ ಕನ್ನಡಕ ಹಾಕಿಕೊಂಡು ಹುಡುಗಿಯ ಊರಿನ ಮನೆಯ ಹೆಸರು ಓದಿದರು. ಕಾರ್ಡನ್ನು ಮೇಜಿನ ಮೇಲೆ ಇಟ್ಟರು.

“ನನ್ನ ಅತ್ತೆ ಹೇಳಿದ್ದು ನಂಗೆ ಸರೀ ನೆನಪುಂಟು. ಆ ಮನೆಯೂ ನಮ್ಮದೂ ಒಂದೇ ಮನೆ ಅಂತ. ಒಂದೇ ಮನೆ ಅಂದ ಮೇಲೆ ಇವರು ಅಣ್ಣ-ತಂಗಿ ಆಯ್ತಲ್ಲ. ಅಣ್ಣ-ತಂಗಿಗೆ ಮದುವೆ ಮಾಡಿಸ್ಲಿಕ್ಕೆ ನಾನು ಇಲ್ಲಿ ಕೂತಿದ್ದೇನಾ?”

ಇಷ್ಟು ತಲೆಮಾರು ಕಳೆದ ಮೇಲೆ ಚರ್ಚಿಗೆ ಏನೂ ಅಡ್ಡಿಯಿಲ್ಲ ಎಂದು ಸಭಾಪಾಲಕರು ಹೇಳಿದರು. “ಚರ್ಚಿಗೆ ಇಲ್ಲದಿದ್ರೆ ಬೇಡ, ನಂಗುಂಟು” ಎಂದರು ಅಜ್ಜಿ. ಆ ಮಾತು ಅಬುಧಾಬಿಗೆ ತಲುಪಿತು. ಹುಡುಗಿಯ ಅಪ್ಪ ಕಡಿಮೆ ಮಾತಿನ ಮನುಷ್ಯ. ಸಂಶಯ ಇಟ್ಟುಕೊಂಡ ಮನೆಗೆ ಮಗಳನ್ನು ಕೊಡುವುದಿಲ್ಲ, ಹಳೆಯ ದಾಖಲೆ ಓದಿಸಿ, ಅದರಲ್ಲಿ ಏನುಂಟೋ ಹಾಗೇ ಆಗಲಿ ಎಂದು ಫೋನಿನಲ್ಲಿ ಹೇಳಿ ಇಟ್ಟುಬಿಟ್ಟರು. ಈಚಿನ ತಲೆಮಾರುಗಳ ಲೆಕ್ಕ ಎರಡೂ ಮನೆಯವರ ಹತ್ತಿರ ಕನ್ನಡದಲ್ಲೇ ಇತ್ತು. ಹುಡುಗನ ಮನೆಯ ಮೂಲಪುರುಷ ಯೋಸೇಫ, ಹುಡುಗಿಯ ಮನೆಯ ಮೂಲಪುರುಷ ಯಾಕೋಬ. ಇವರಿಬ್ಬರೂ ಒಂದೇ ತಂದೆಯ ಮಕ್ಕಳೋ ಅಲ್ಲವೋ ಎಂಬುದೊಂದೇ ಗೊತ್ತಾಗಬೇಕಿತ್ತು, ಅದು ಜರ್ಮನ್‌ನಲ್ಲಿತ್ತು.

ಹುಡುಗ ಹುಡುಗಿ ಜೊತೆಯಾಗಿಯೇ ನನ್ನ ಕಚೇರಿಗೆ ಬಂದರು. ಹುಡುಗ ಫೈಲ್ ಹಿಡಿದು ಸುಮ್ಮನೆ ಕೂತಿದ್ದ. ಮಾತಾಡಿದ್ದೆಲ್ಲ ಅವಳೇ.

“ಅಕ್ಕ, ನೀವು ಸ್ವಲ್ಪ ಬೇಗ ಓದಿ ಆಯ್ತಾ? ಕಾರ್ಡ್ ಹಂಚ್ಲಿಕ್ಕೆ ಅಜ್ಜಿ ಬಿಡ್ತಾ ಇಲ್ಲ. ನಾನು ನೈಟ್ ಡ್ಯೂಟಿ ಮುಗಿಸಿ ಬಂದು ನಿದ್ದೆ ಸಹ ಮಾಡ್ತಾ ಇಲ್ಲ ಅಕ್ಕ, ಮಂಡೆಬಿಸಿ ಆಗಿದೆ.”

ನನಗೂ ಅವಳಿಗೂ ಇಪ್ಪತ್ತು ವರ್ಷದ ಅಂತರ. ಆಂಟಿ ಅನ್ನದೆ ಅಕ್ಕ ಅಂದಳಲ್ಲ ಎಂದು ಒಳಗೊಳಗೇ ಹಿಗ್ಗಿದೆ. ಒಂದು ವಾರದಲ್ಲಿ ಹೇಳುತ್ತೇನೆ ಎಂದು ಮಾತು ಕೊಟ್ಟುಬಿಟ್ಟೆ. ಈ ಕೆಲಸದಲ್ಲಿ ಗಡುವು ಹೇಳಬಾರದು ಎಂದು ಗೊತ್ತಿದ್ದೂ ಹೇಳಿದೆ.

ಯುರೋಪಿನ ಒಂದು ದಾಖಲೆ ಸಂಗ್ರಹದಿಂದ ಯೋಸೇಫ, ಯಾಕೋಬ ಇದ್ದ ಚರ್ಚ್ ಸಭೆಯ ಕುಟುಂಬ ದಾಖಲೆಯ ಮೂರು ಪುಟಗಳ ಸ್ಕ್ಯಾನ್ ನಾಲ್ಕೇ ದಿನದಲ್ಲಿ ಬಂತು. ನಾನು ಓದುವ ಕ್ರಮ ಹೀಗೆ: ಮೊದಲು ಗೊತ್ತಿರುವ ಪದಗಳನ್ನು ಹಿಡಿಯುತ್ತೇನೆ, ತಿಂಗಳ ಹೆಸರು, ಬೈಬಲಿನ ಹೆಸರು, ಹೀಗೆ. ಅವುಗಳಿಂದ ಆ ಪಾದ್ರಿಯ ಕೈಯ ಒಂದೊಂದು ಅಕ್ಷರವನ್ನೂ ಕತ್ತರಿಸಿ ತೆಗೆದು ಒಂದು ಪಟ್ಟಿ ಮಾಡುತ್ತೇನೆ. ಆಮೇಲೆ ಗೊತ್ತಿಲ್ಲದ ಪದಕ್ಕೆ ಕೈಹಾಕುವುದು. ಒಬ್ಬೊಬ್ಬ ಪಾದ್ರಿಗೂ ಹೊಸ ಪಟ್ಟಿ ಬೇಕು. ಈ ಪಾದ್ರಿ ಬಹಳ ಅವಸರದ ಆಸಾಮಿ, ಪದದ ಕೊನೆ ಬರುವಷ್ಟರಲ್ಲಿ ಅವರ ಲೇಖನಿ ಮುಂದಿನ ಪದಕ್ಕೆ ಓಡಿರುತ್ತಿತ್ತು.

ಮೊದಲ ದಿನವೇ ಒಂದು ಮೋಜು ಸಿಕ್ಕಿತು. ಹುಡುಗನ ಮನೆಯ ಹಾಲ್‌ನಲ್ಲಿ ಚೌಕಟ್ಟು ಹಾಕಿದ ಒಂದು ವಂಶವೃಕ್ಷ ಇದೆ. ಯಾವುದೋ ಚಿಕ್ಕಪ್ಪ ಹಿಂದೆ ಬರೆಸಿದ್ದು. ಅದರ ಬುಡದಲ್ಲಿ ಯೋಸೇಫನ ಹೆಸರಿನ ಕೆಳಗೆ ‘ಜರ್ಮನಿಯಿಂದ ಬಂದವರು’ ಎಂದಿದೆ. ನಾನು ಮೂಲ ನೋಡಿದೆ. ಅಲ್ಲಿದ್ದದ್ದು ‘ಜೆರ್ಮಾಲ್’ ಎಂಬಂತೆ ಕಾಣುವ ಊರಿನ ಹೆಸರು. ಜರ್ಮನರು ನಮ್ಮ ‘ಯ’ಕಾರವನ್ನು ಬರೆಯುವುದು ‘ಜೆ’ ಅಕ್ಷರದಲ್ಲಿ. ಅದು ಯೆರ್ಮಾಳ್, ಉಡುಪಿಯ ದಾರಿಯಲ್ಲಿ ಬಸ್ಸು ನಿಲ್ಲುವ ನಮ್ಮ ಯೆರ್ಮಾಳ್! ಕರಾಮಕ್ಕೆ ಹೋಗಿ ಹೇಳಿದಾಗ ಹುಡುಗನ ಅಪ್ಪನ ಮುಖ ಸಣ್ಣಗಾಯಿತು. ಅಜ್ಜಿ ಮಾತ್ರ ಬಾಯಿ ತುಂಬಾ ನಕ್ಕರು.

“ನಾನು ಆಗ್ಲೇ ಹೇಳಿದ್ದೆ. ಈ ಮೂಗಿಗೆ ಎಂಥ ಜರ್ಮನಿ ಮಾರಾಯ್ತಿ!”

ಆ ನಗುವೇ ನನ್ನನ್ನು ಹಾಳು ಮಾಡಿತು ಎಂದು ಈಗ ಅನ್ನಿಸುತ್ತದೆ. ಯಾರಿಗೂ ಓದಲಾಗದ್ದನ್ನು ಓದಿದವಳು ಎಂಬ ಗತ್ತು ತಲೆಗೇರಿತ್ತು. ಹಾಗಾಗಿ ಎರಡನೆಯ ಪುಟದಲ್ಲಿ ಹದಿನೈದನೇ ನಂಬರಿನ ಯಾಕೋಬನ ಎದುರಿಗೆ ‘ನಂಬರ್ ಹದಿನಾಲ್ಕರವನ ಬ್ರೂಡರ್’ ಎಂದು ಓದಿದಾಗ ನಾನು ನಿಲ್ಲಲಿಲ್ಲ. ಹದಿನಾಲ್ಕು ಎಂದರೆ ಯೋಸೇಫ. ಯಾಕೋಬನ ಊರಿನ ಕಾಲಂನಲ್ಲಿ ಹುಳ ತಿಂದ ತೂತಿತ್ತು. ಹೊಸದಾಗಿ ಕ್ರೈಸ್ತರಾದವರ ಹೆತ್ತವರ ಹೆಸರು ಬರೆಯುವ ಕಾಲಂ ಆ ಪುಸ್ತಕದಲ್ಲಿ ಇರಲೇ ಇಲ್ಲ. ‘ಬ್ರೂಡರ್’ ಪದವನ್ನು ಅಕ್ಷರಕ್ಕೆ ಅಕ್ಷರ ಪಟ್ಟಿಯ ಜೊತೆ ಹೋಲಿಸಿದೆ. ಅನುಮಾನವೇ ಇರಲಿಲ್ಲ. ಉಳಿದದ್ದು ಅಣ್ಣನೋ ತಮ್ಮನೋ ಎಂಬುದು. ವಯಸ್ಸಿನ ಕಾಲಂನಲ್ಲಿ ಯಾಕೋಬನಿಗೆ ಮೂರು ವರ್ಷ ಹೆಚ್ಚಿತ್ತು. ‘ಅಣ್ಣ’ ಎಂದು ಬರೆದೆ.

ಹೆತ್ತವರ ಹೆಸರು ಇರುವುದು ದೀಕ್ಷಾಸ್ನಾನದ ಪುಸ್ತಕದಲ್ಲಿ. ಒಂದೇ ಪುಸ್ತಕ ನಂಬಿ ಮಾತು ಆಡಬಾರದು, ಎರಡನೆಯದನ್ನು ನೋಡದೆ ಸಹಿ ಹಾಕಬಾರದು ಎಂಬುದು ನಾನೇ ಬೇರೆಯವರಿಗೆ ಹೇಳಿಕೊಡುವ ಪಾಠ. ಆ ಪುಸ್ತಕ ರಿಪೇರಿಗೆ ಹೋಗಿದೆ, ಮೂರು ವಾರವಾದರೂ ಬೇಕು ಎಂದು ಸಂಗ್ರಹದವರು ಬರೆದಿದ್ದರು. ಇತ್ತ ಅಜ್ಜಿಯ ಫೋನು ದಿನಕ್ಕೆರಡು ಸಲ. “ಓದಿ ಆಯ್ತಾ? ಎಷ್ಟು ಓದ್ತೀ? ಬೈಬಲಿನಷ್ಟು ಉಂಟಾ?” ಕೊಟ್ಟ ಒಂದು ವಾರದ ಗಡುವು ದಾಟಿ ಮೂರು ದಿನವಾಗಿತ್ತು. ದೀಕ್ಷಾಸ್ನಾನದ ಪುಸ್ತಕ ಬೇಡ ಎಂದು ಸಂಗ್ರಹಕ್ಕೆ ತಿಳಿಸಿದೆ. ಅರ್ಧ ಪುಟದ ವರದಿ ಬರೆದು, ಕೆಳಗೆ ಸಹಿ ಮಾಡಿ, ಎರಡೂ ಮನೆಗೆ ಕಳಿಸಿದೆ: ಯಾಕೋಬನು ಯೋಸೇಫನ ಅಣ್ಣ.

ಅಂದೇ ಸಂಜೆ ಅಬುಧಾಬಿಯಿಂದ ಮದುವೆ ಹಾಲ್ ರದ್ದಾಯಿತು. ಹುಡುಗಿಗೆ ನಾನೇ ಫೋನ್ ಮಾಡಿದೆ. ಏನು ಹೇಳಬೇಕೆಂದು ತೋಚದೆ, ಬರೆದದ್ದನ್ನು ಬರೆದ ಹಾಗೇ ಹೇಳಬೇಕಾಗುತ್ತದಲ್ಲ ಎಂದೆ.

“ಸರಿ ಮೇಡಂ” ಎಂದಳು. ಫೋನ್ ಇಟ್ಟಳು.

ಆ ಮೇಡಂ ನನಗೆ ಊಟ ಸೇರದ ಹಾಗೆ ಮಾಡಿತು. ಮೆಟ್ರೋದಲ್ಲಿ ಕೂತರೂ ಅದೇ, ಅಡುಗೆಮನೆಯಲ್ಲಿ ನಿಂತರೂ ಅದೇ. ನೀನು ಸುಳ್ಳೇನೂ ಬರೆದಿಲ್ಲವಲ್ಲ ಎಂದು ಗಂಡ ಸಮಾಧಾನ ಹೇಳಿದರು. ಹೌದು, ಬರೆದಿಲ್ಲ. ಭಾನುವಾರ ಆರಾಧನೆಯಲ್ಲಿ ಹುಡುಗ ಕೊನೆಯ ಸಾಲಿನಲ್ಲಿ ಒಬ್ಬನೇ ಕೂತಿದ್ದ. ಹುಡುಗಿ ಐರ್ಲೆಂಡ್‌ನಲ್ಲಿ ಕೆಲಸಕ್ಕೆ ಅರ್ಜಿ ಹಾಕಿದ್ದಾಳಂತೆ ಎಂದು ಪಕ್ಕದ ಹೆಂಗಸು ಪಿಸುಗುಟ್ಟಿದಳು. ನಾನು ಕೀರ್ತನೆಯ ಪುಸ್ತಕದಿಂದ ತಲೆ ಎತ್ತಲಿಲ್ಲ.

ಒಂಬತ್ತನೆಯ ದಿನ ಕಚೇರಿಗೆ ಒಬ್ಬರು ಬಂದರು. ರಾಸ್ ಅಲ್ ಖೋರ್‌ನ ಗ್ಯಾರೇಜೊಂದರಲ್ಲಿ ಮೆಕ್ಯಾನಿಕ್, ಐವತ್ತರ ಸುಮಾರು, ಕಾಪು ಕಡೆಯವರು. ಜೊತೆಯವರಿಗೆ ಕೈಗೆ ಪೆಟ್ಟಾಗಿ ಆಸ್ಪತ್ರೆಯಲ್ಲಿದ್ದಾರೆ. ಅವರ ಪರವಾಗಿ ಆಸ್ಪತ್ರೆಯ ಕಾಗದ ತೆಗೆದುಕೊಳ್ಳಲು ಒಂದು ಅಧಿಕಾರ ಪತ್ರ ಬೇಕು. ಅರಬಿ ನೋಡುವ ಸಹೋದ್ಯೋಗಿ ಫಾರ್ಮ್ ತುಂಬಿಸಲು ಅವರನ್ನು ನನ್ನ ಮೇಜಿಗೆ ಕಳಿಸಿದಳು. ಸಂಬಂಧ ಏನು ಎಂದು ಕೇಳಿದೆ.

“ಅಣ್ಣ” ಎಂದರು.

ನಾನು ಬ್ರದರ್ ಎಂದು ಬರೆದೆ. ಆಮೇಲೆ ಎರಡೂ ಪಾಸ್‌ಪೋರ್ಟಿನ ಪ್ರತಿ ನೋಡಿದರೆ ತಂದೆಯ ಹೆಸರು ಬೇರೆ ಬೇರೆ. ಊರೂ ಬೇರೆ.

“ಇದು ಹೀಗೆ ಕೊಟ್ರೆ ವಾಪಸ್ ಕಳಿಸ್ತಾರೆ. ಅಪ್ಪನ ಹೆಸರು ಬೇರೆ ಉಂಟಲ್ಲ?”

“ಅಪ್ಪ ಬೇರೆಯೇ ಅಲ್ವಾ ಅಕ್ಕ” ಎಂದರು ಅವರು, ನನಗೆ ಅಷ್ಟೂ ಗೊತ್ತಿಲ್ಲವೇ ಎನ್ನುವಂತೆ. “ಹದಿನಾಲ್ಕು ವರ್ಷ ಒಂದೇ ರೂಮು. ನಾನು ಬಂದ ದಿವಸ ನಂಗೆ ಊಟ ಹಾಕಿದವ್ರು ಅವ್ರು. ಅವ್ರನ್ನು ಅಣ್ಣ ಅನ್ನದೆ ಮತ್ತೆಂಥ ಹೇಳುವುದು?”

ಪೆನ್ನು ಕೈಯಲ್ಲಿ ಹಾಗೇ ನಿಂತಿತು. ಯಾಕೋಬನನ್ನು ತೋರಿಸಿ ಪಾದ್ರಿ ಯೋಸೇಫನನ್ನು ಕೇಳಿರಬೇಕು, ಇವನು ನಿನಗೆ ಏನಾಗಬೇಕು ಎಂದು. ಯೋಸೇಫ ಅಣ್ಣ ಎಂದಿರಬೇಕು. ಪಾದ್ರಿಗೆ ತನ್ನ ಭಾಷೆಯಲ್ಲಿ ಗೊತ್ತಿದ್ದ ಪದ ಒಂದೇ. ನಾನಾದರೋ ಬಸ್ ಡ್ರೈವರನ್ನು ಅಣ್ಣ ಎನ್ನುವವಳು, ಕರಾಮದ ಹೋಟೆಲಿನ ಮಾಣಿಯನ್ನು ಅಣ್ಣ ಎನ್ನುವವಳು. ಆ ಪದವನ್ನು ಜರ್ಮನ್‌ನಿಂದ ಕನ್ನಡಕ್ಕೆ ತರಲು ಅರ್ಧ ದಿನ ಒದ್ದಾಡಿದೆನೇ ಹೊರತು, ಅದು ಕನ್ನಡದಿಂದಲೇ ಅಲ್ಲಿಗೆ ಹೋಗಿದ್ದಿರಬಹುದು ಎಂದು ಯೋಚಿಸಲೇ ಇಲ್ಲ. ಮೆಕ್ಯಾನಿಕ್ “ಏನಾಯ್ತು ಅಕ್ಕ?” ಎಂದು ಕೇಳುತ್ತಿದ್ದರು. ಏನಿಲ್ಲ ಎಂದು ಫಾರ್ಮ್‌ನಲ್ಲಿ ‘ಬ್ರದರ್’ ಹೊಡೆದುಹಾಕಿ ‘ಸ್ನೇಹಿತ’ ಎಂದು ಬರೆದೆ. ಅವರಿಗೆ ಅದು ಅಷ್ಟು ಸರಿಬರಲಿಲ್ಲ.

ಆ ಕ್ಷಣವೇ ದೀಕ್ಷಾಸ್ನಾನದ ಪುಸ್ತಕ ಬೇಕೇ ಬೇಕು ಎಂದು ಸಂಗ್ರಹಕ್ಕೆ ಮತ್ತೆ ಬರೆದೆ. ಬೇಡ ಎಂದವರು ನೀವೇ ತಾನೆ ಎಂದು ಅವರು ಸೌಮ್ಯವಾಗಿ ನೆನಪಿಸಿದರು. ನನ್ನ ಸರದಿ ಹೋಗಿತ್ತು, ಮತ್ತೆ ಕಾಯಬೇಕಿತ್ತು. ಈ ಮಧ್ಯೆ ಹೇಳಬೇಕೋ ಬೇಡವೋ? ತಪ್ಪಾಗಿರಬಹುದು ಎಂದು ಈಗಲೇ ಹೇಳಿ, ನಾಳೆ ಪುಟ ಬಂದು ಇಬ್ಬರಿಗೂ ಅಪ್ಪ ಒಬ್ಬನೇ ಎಂದಾದರೆ? ಒಂದೇ ಹುಡುಗಿಯನ್ನು ಎರಡು ಸಲ ಅಳಿಸಿದ ಹಾಗೆ. ಹೇಳದಿದ್ದರೆ ಅವಳು ಐರ್ಲೆಂಡಿಗೆ ಹೊರಟೇಬಿಟ್ಟಾಳು. ಎರಡು ದಿನ ಫೋನ್ ಕೈಯಲ್ಲಿ ಹಿಡಿದು ಇಟ್ಟು ಮಾಡಿ, ಕೊನೆಗೆ ಮಾಡಿದೆ.

“ನನ್ನ ಓದಿನಲ್ಲಿ ತಪ್ಪಾಗಿರಬಹುದು ಅಂತ ಒಂದು ಅನುಮಾನ...” ಎಂದು ಶುರು ಮಾಡಿದೆ.

“ಮೇಡಂ, ಪ್ಲೀಸ್.” ಧ್ವನಿ ಗಟ್ಟಿಯಾಗಿತ್ತು. “ಇರಬಹುದು ಅಂತ ನಂಗೆ ಹೇಳ್ಬೇಡಿ. ನಾನು ಪೇಶೆಂಟಿನ ಮನೆಯವ್ರಿಗೆ ಹಾಗೆ ಹೇಳುವುದಿಲ್ಲ. ಗೊತ್ತಾದ ಮೇಲೆ ಹೇಳಿ. ಇಲ್ಲದಿದ್ರೆ ಬೇಡ.”

ಅವಳು ಹೇಳಿದ್ದು ನ್ಯಾಯ.

ಆಮೇಲಿನ ಎರಡೂವರೆ ವಾರ ನಾನು ಮನುಷ್ಯಳಾಗಿರಲಿಲ್ಲ. ಮೇಲ್ ತೆರೆದು ತೆರೆದು ಫೋನಿನ ಬ್ಯಾಟರಿ ಮಧ್ಯಾಹ್ನಕ್ಕೇ ಖಾಲಿ. ಒಂದು ಪುಟ ಬಂತು, ತೆರೆದರೆ ಅದು ಬೇರೆ ಸಭೆಯದು. ಮತ್ತೆ ಬರೆದೆ. ಏನಾಗಲಿ ಎಂದು ಪ್ರಾರ್ಥನೆ ಮಾಡುವುದು ಎಂದೇ ತಿಳಿಯುತ್ತಿರಲಿಲ್ಲ. ಅಪ್ಪ ಒಬ್ಬನೇ ಎಂದಾದರೆ ನನ್ನ ಮರ್ಯಾದೆ ಉಳಿಯುತ್ತದೆ. ಬೇರೆ ಎಂದಾದರೆ ಅವಳ ಮದುವೆ. ನಾಚಿಕೆ ಬಿಟ್ಟು ಹೇಳುತ್ತೇನೆ, ಒಂದೆರಡು ಸಲ ಮನಸ್ಸು ಮರ್ಯಾದೆಯ ಕಡೆಗೂ ವಾಲಿತು. ಈಸ್ಟರಿಗೆ ಮುಂಚಿನ ಬುಧವಾರ ಸಂಗ್ರಹದಿಂದ ಮೇಲ್ ಬಂತು: ನಾಳೆಯಿಂದ ರಜೆ, ಹಬ್ಬ ಕಳೆದ ಮೇಲೆಯೇ ತೆರೆಯುವುದು, ಹೊರಡುವ ಮುನ್ನ ನಿಮ್ಮ ಪುಟವನ್ನು ಸ್ಕ್ಯಾನ್ ಮಾಡಿದ್ದೇನೆ. ಆ ಮಹಾತಾಯಿ ಯಾರೋ, ಚೆನ್ನಾಗಿರಲಿ.

ಪುಟ ತೆರೆದೆ. ಇಬ್ಬರಿಗೂ ಒಂದೇ ದಿನ ದೀಕ್ಷಾಸ್ನಾನ. ಮೇಲಿನ ಸಾಲು ಯೋಸೇಫ, ತಂದೆ ತನಿಯ, ಊರು ಯೆರ್ಮಾಳ್. ಕೆಳಗಿನ ಸಾಲು ಯಾಕೋಬ, ತಂದೆ ದೂಮ, ಊರು ಮೂಲ್ಕಿ. ಷರಾ ಕಾಲಂನಲ್ಲಿ ಅದೇ ಅವಸರದ ಕೈ: ಇಬ್ಬರೂ ತಮ್ಮವರಿಂದ ಹೊರಹಾಕಲ್ಪಟ್ಟವರು, ನೇಯ್ಗೆ ಕೆಲಸ ಕಲಿಯುತ್ತಾ ಇಬ್ಬರೂ ಒಂದೇ ಮನೆಯಲ್ಲಿ ವಾಸ. ನಾನು ಮೂರು ಸಲ ಓದಿದೆ. ಈ ಸಲ ನನ್ನನ್ನು ನಾನೇ ನಂಬಲಿಲ್ಲ. ನಾಲ್ಕನೆಯ ಸಲ ಓದುವಾಗ ಕಣ್ಣು ಬಲತುದಿಯ ಕೊನೆಯ ಕಾಲಂಗೆ ಹೋಯಿತು. ಅದು ಸಹಿಯ ಕಾಲಂ. ಅಕ್ಷರ ಬಾರದವರು ಅಲ್ಲಿ ಗೀಟು ಹಾಕಿದ್ದರು. ಈ ಇಬ್ಬರೂ ಹೊಸದಾಗಿ ಕಲಿತ ದೊಡ್ಡ ದೊಡ್ಡ ಅಕ್ಷರದಲ್ಲಿ ಬರೆದಿದ್ದರು, ಕನ್ನಡದಲ್ಲಿ. ‘ತನಿಯನ ಮಗ ಯೋಸೇಫನ ರುಜು.’ ಅದರ ಕೆಳಗೆ, ‘ದೂಮನ ಮಗ ಯಾಕೋಬನ ರುಜು.’

ಜೋರಾಗಿ ಅತ್ತೆ. ಸಹೋದ್ಯೋಗಿ ಹೆದರಿ ನೀರು ತಂದುಕೊಟ್ಟಳು.

ಮೊದಲು ಎಲ್ಲಿಗೆ ಹೋಗುವುದು? ಸುಲಭ ದಾರಿ ಕರಾಮ. ಅಜ್ಜಿಗೆ ಹೇಳಿದರೆ ಉಳಿದದ್ದನ್ನು ಅವರ ಮನೆಯವರೇ ನೋಡಿಕೊಳ್ಳುತ್ತಾರೆ. ಆದರೆ ಪೆಟ್ಟು ಬಿದ್ದದ್ದು ಅಬುಧಾಬಿಗೆ. ಮರುದಿನ ರಜೆ ಹಾಕಿ ಇಬ್ನ್ ಬತೂತಾ ನಿಲ್ದಾಣದಿಂದ ಅಬುಧಾಬಿ ಬಸ್ ಹತ್ತಿದೆ. ದಾರಿಯುದ್ದಕ್ಕೂ ಏನು ಹೇಳಬೇಕೆಂದು ಮನಸ್ಸಿನಲ್ಲೇ ಹೇಳಿಕೊಂಡು ಬಂದದ್ದು ಬಾಗಿಲು ತೆರೆದಾಗ ಮರೆತುಹೋಯಿತು. ತಪ್ಪು ನನ್ನದು, ಎರಡನೆಯ ಪುಸ್ತಕ ನೋಡದೆ ಸಹಿ ಹಾಕಿದೆ, ಕ್ಷಮಿಸಿ ಎಂದು ಚಪ್ಪಲಿ ಬಿಡುವ ಮೊದಲೇ ಹೇಳಿಬಿಟ್ಟೆ. ಹುಡುಗಿ ಒಳಬಾಗಿಲಲ್ಲಿ ನಿಂತಿದ್ದಳು. ಅಪ್ಪ ಕುರ್ಚಿ ತೋರಿಸಿದರು, ತಾವು ಕೂರಲಿಲ್ಲ.

“ಅಂದು ಸಹ ನೀವೇ ಓದಿದ್ದು. ಇಂದು ಸಹ ನೀವೇ ಓದಿದ್ದು. ಅಂದು ನಂಬಿ ಹಾಲ್ ಬಿಟ್ಟೆ. ಇಂದು ಏನು ನೋಡಿ ನಂಬುವುದು, ಹೇಳಿ?”

“ನನ್ನನ್ನು ನಂಬಬೇಡಿ” ಎಂದೆ. ಪುಟದ ದೊಡ್ಡ ಪ್ರತಿಯನ್ನು ಮೇಜಿನ ಮೇಲೆ ಹರಡಿ, ಜರ್ಮನ್ ಇದ್ದಷ್ಟನ್ನೂ ಕೈಯಿಂದ ಮುಚ್ಚಿ, ಕೊನೆಯ ಕಾಲಂ ಮಾತ್ರ ಬಿಟ್ಟೆ. “ಇದನ್ನು ನೀವೇ ಓದಿ.”

ಅವರು ಬಗ್ಗಿ ಓದಿದರು. ತುಟಿ ಅಲ್ಲಾಡಿತು. ಎರಡನೆಯ ಸಾಲಿಗೆ ಬಂದಾಗ ಬೆರಳಿಟ್ಟು ಮತ್ತೊಮ್ಮೆ ಓದಿದರು. ತನ್ನ ಮನೆಯ ಮೂಲಪುರುಷನ ಕೈಬರಹವನ್ನು ಅವರು ಮೊದಲ ಸಲ ನೋಡುತ್ತಿದ್ದರು ಎಂಬುದು ನನಗೆ ಆಮೇಲೆ ಹೊಳೆಯಿತು.

“ಇದನ್ನು ಹುಡುಗನ ಮನೆಯವ್ರು ಸಹ ಇಲ್ಲಿಗೇ ಬಂದು ಓದ್ಲಿ” ಎಂದು ಕೊನೆಗೆ ಹೇಳಿದರು. ಹುಡುಗಿ ನನಗೆ ಚಹಾ ತಂದಿಟ್ಟು ಒಳಗೆ ಹೋದಳು.

ಶನಿವಾರ ಆ ಮಾತು ತಿಳಿಸಲು ಪುಟದ ಪ್ರತಿ ಹಿಡಿದು ಕರಾಮಕ್ಕೆ ಹೋದೆ. ಅಜ್ಜಿ ಮಂಚದ ಮೇಲೆ ಕೂತು ಕನ್ನಡಕದ ಮೇಲೆ ಭೂತಗನ್ನಡಿ ಹಿಡಿದು ಓದಿದರು. ಓದಿ ಮುಗಿಸಿ ಸೊಸೆಯ ಕಡೆ ತಿರುಗಿದರು.

“ಒಂದೇ ಮನೆ ಅಂತ ನನ್ನ ಅತ್ತೆ ಸುಳ್ಳು ಹೇಳ್ಲಿಲ್ಲ, ನೋಡು. ಮನೆ ಒಂದೇ. ಅಪ್ಪ ಬೇರೆ.”

ಗೆದ್ದವರ ದನಿ ಅದು. ನನಗೆ ಮೈಯೆಲ್ಲ ಉರಿಯಿತು. ಆಮೇಲೆ ಅವರು ಜರ್ಮನ್ ಷರಾದ ಮೇಲೆ ಬೆರಳಿಟ್ಟು ಇದೇನು ಎಂದು ಕೇಳಿದರು. ಹೇಳಿದೆ. ಮನೆಯವರು ಇಬ್ಬರನ್ನೂ ಹೊರಗೆ ಹಾಕಿದ್ದರು, ಅದಕ್ಕೇ ಒಂದೇ ಮನೆಯಲ್ಲಿ ಇದ್ದರು ಎಂದೆ.

“ಹೆತ್ತವರು ಹೊರಗೆ ಹಾಕಿದ್ದಾ?”

“ಹೌದು ಅಜ್ಜಿ.”

“ಆಗ ಇವ ಅವನಿಗೆ ಅಣ್ಣ ಅಂದದ್ದಾ?”

“ಹೌದು.”

ಅಜ್ಜಿ ಭೂತಗನ್ನಡಿಯನ್ನು ಮಂಚದ ಮೇಲೆ ಇಟ್ಟರು.

“ಆ ಯಾಕೋಬನ ಮನೆಯ ಹೆಣ್ಣನ್ನು ನಾನು ಹೊರಗೆ ಹಾಕಿದೆ ಅಲ್ವಾ ಮಗಾ” ಎಂದರು. ಮತ್ತೆ ಯಾರಿಗೂ ಮಾತಾಡಲು ಬಿಡದೆ ಸೀರೆ ತೆಗೆದುಕೊಡು ಎಂದು ಸೊಸೆಗೆ ಹೇಳಿದರು. ಮೊಣಕಾಲು ನೋವಿಗೆ ಅವರು ಲಿಫ್ಟಿನಿಂದ ಕೆಳಗೆ ಇಳಿದು ತಿಂಗಳುಗಳೇ ಆಗಿದ್ದವು. ಆ ಮಧ್ಯಾಹ್ನ ಮೊಮ್ಮಗನ ಕಾರಿನ ಮುಂದಿನ ಸೀಟಿನಲ್ಲಿ ಕೂತು ಅಬುಧಾಬಿಗೆ ಹೋದರು. ಅಲ್ಲಿ ಏನು ಮಾತಾಯಿತೋ ನಾನು ಕೇಳಲಿಲ್ಲ. ಹೋಗಲಿಕ್ಕೆ ನನಗೆ ಮುಖ ಇರಲಿಲ್ಲ. ಅಜ್ಜಿ ಹುಡುಗಿಯ ಎರಡೂ ಕೈ ಹಿಡಿದುಕೊಂಡಿದ್ದರಂತೆ, ಅವಳ ಅಪ್ಪ ಆಮೇಲೆ ಕೂತರಂತೆ. ಹುಡುಗಿ ಮಾತ್ರ ಆ ದಿನ ಹೂಂ ಅನ್ನಲಿಲ್ಲ. ಯೋಚನೆ ಮಾಡ್ಬೇಕು ಎಂದಳಂತೆ. ಹುಡುಗ ಆ ತಿಂಗಳಿಡೀ ಡ್ಯೂಟಿ ಮುಗಿದ ಮೇಲೆ ಅಬುಧಾಬಿಗೆ ಹೋಗಿ ಬಂದ ಎಂದು ಆಮೇಲೆ ತಿಳಿಯಿತು.

ಗೊತ್ತಾಗಿದ್ದ ಶನಿವಾರ ಮದುವೆ ಆಗಲಿಲ್ಲ. ಆದದ್ದು ಜೂನ್ ತಿಂಗಳಲ್ಲಿ, ಹೊರಗೆ ಕಾಲಿಟ್ಟರೆ ಮುಖ ಸುಡುವ ದಿನ. ನನಗೆ ಕಾರ್ಡು ಬಂದಿತ್ತು. ಹಿಂದಿನ ಸಾಲಿನಲ್ಲಿ ಕಂಬದ ಮರೆಗೆ ಕೂತೆ. ಆರಾಧನೆ ಮುಗಿದು ಸಭಾಪಾಲಕರು ವಿವಾಹದ ದಾಖಲೆ ಪುಸ್ತಕ ತೆರೆದಾಗ ನನ್ನನ್ನು ಮುಂದೆ ಕರೆಯುತ್ತಿದ್ದಾರೆ ಎಂದು ಪಕ್ಕದವರು ಹೇಳಿದರು. ಹೋದರೆ ಹುಡುಗಿ ಪೆನ್ನು ಚಾಚಿ ನಿಂತಿದ್ದಳು. ಅವಳ ಕಡೆಯ ಸಾಕ್ಷಿಯಾಗಿ ನಾನು ಸಹಿ ಹಾಕಬೇಕಂತೆ.

ಹೆಸರು ಬರೆದೆ. ಸಹಿ ಹಾಕಿದೆ. ಪಕ್ಕದ ಕಾಲಂನಲ್ಲಿ ‘ವಧುವಿಗೆ ಸಂಬಂಧ’ ಎಂದಿತ್ತು. ಕೈ ನಿಂತಿತು. ಏನು ಬರೆಯಲಿ ಎಂದು ಅವಳ ಮುಖ ನೋಡಿದೆ.

“ಸಿಸ್ಟರ್ ಅಂತ ಬರೀರಿ ಅಕ್ಕ” ಎಂದಳು.

ಕಣ್ಣು ಮಂಜಾಗಿ ಕಾಲಂ ಕಾಣಲಿಲ್ಲ. ಒರೆಸಿಕೊಂಡು ಬಗ್ಗಿ ಕನ್ನಡದಲ್ಲಿ ಬರೆಯತೊಡಗಿದೆ: ನನ್ನ ಅಪ್ಪನ ಹೆಸರು, ನನ್ನ ಊರು, ವಧುವಿಗೆ ರಕ್ತಸಂಬಂಧವಿಲ್ಲ, ಅಕ್ಕ ಎಂದು ಕರೆಯುತ್ತಾಳೆ. ಸಭಾಪಾಲಕರು ಕನ್ನಡಕ ಸರಿಮಾಡಿಕೊಂಡು, ಅಮ್ಮಾ ಕಾಲಂ ಅಷ್ಟು ದೊಡ್ಡದಿಲ್ಲ, ಮುಂದಿನ ಸಾಲಿಗೆ ಹೋಯಿತು ಎಂದರು. ಹೋಗಲಿ ಎಂದು ಪೂರ್ತಿ ಬರೆದೇ ಪೆನ್ನು ಕೆಳಗಿಟ್ಟೆ.